ಹಲಗೆಯ ನಡೆ ಲ್ಯಾಪ್‌ಟಾಪಿಗೆ ಬರಬೇಕಾದರೆ

ಪ್ರಶ್ನೆ: ನಾನು ಬಳ್ಳಾರಿ ಕೌಲ್‌ಬಜಾರಿನವನು, ವಯಸ್ಸು 22. ಮನೆಯಲ್ಲಿ ಜೀನ್ಸ್ ಹೊಲಿಯುವ ಸಣ್ಣ ಯೂನಿಟ್ ಇದೆ. ರಾತ್ರಿ ಹೊತ್ತು ಲ್ಯಾಪ್‌ಟಾಪಿನಲ್ಲಿ ಬೀಟ್ ಮಾಡುತ್ತೇನೆ. ನಮ್ಮ ಊರಿನ ಹಲಗೆ ವಾದ್ಯ, ಬುರ್ರಕಥೆ, ನಾಟಕದ ಹಾಡು ಎಲ್ಲ ಸೇರಿಸಿ ಐದಾರು ಟ್ರ್ಯಾಕ್ ಮಾಡುವ ಆಸೆ. ಅಜ್ಜಿಯ ಕಾಲದ ಕ್ಯಾಸೆಟ್‌ಗಳೂ ಇವೆ. ಆದರೆ ನಾನು ಏನೇ ಮಾಡಿದರೂ ಮದುವೆ ಡಿಜೆ ರಿಮಿಕ್ಸ್ ಥರ ಕೇಳಿಸುತ್ತದೆ, ನಾಟಕದ ಹಾಡಂತೂ ಕೀರಲಾಗಿ ಕೇಳಿಸುತ್ತದೆ. ಎರಡು ಟ್ರ್ಯಾಕ್ ಕಳಿಸಿದ್ದೇನೆ. ಎಲ್ಲಿ ತಪ್ಪುತ್ತಿದ್ದೇನೆ? ಕ್ಯಾಸೆಟ್‌ನಿಂದ ಕತ್ತರಿಸಿ ಬಳಸಿದರೆ ಕೇಸ್ ಆಗುತ್ತಾ ಸರ್?

ಉತ್ತರ: ನೀವು ಕಳಿಸಿದ ಎರಡು ಟ್ರ್ಯಾಕ್ ನಾಲ್ಕೈದು ಸಲ ಕೇಳಿದೆ. ನಿಮ್ಮ ಕಿವಿ ಚೆನ್ನಾಗಿದೆ. ಹಲಗೆಯ ತುಣುಕು ಆರಿಸಿದ ಜಾಗ ಸರಿ, ಕೆಳಗೆ ಹಾಕಿದ ಬೇಸ್ ಸರಿ. ತಪ್ಪಿರುವುದು ಒಂದೇ ಕಡೆ. ನೀವು ಹಲಗೆಯ ಸದ್ದನ್ನು ಮಾತ್ರ ತಗೊಂಡಿದ್ದೀರಿ, ಅದರ ನಡೆಯನ್ನು ಬಿಟ್ಟಿದ್ದೀರಿ.

ಬಿಡಿಸಿ ಹೇಳುತ್ತೇನೆ. ಸಾಫ್ಟ್‌ವೇರ್‌ನಲ್ಲಿ 96 ಬಿಪಿಎಂ (ನಿಮಿಷಕ್ಕೆ 96 ಬೀಟ್) ಇಟ್ಟರೆ ಒಂದು ಹದಿನಾರನೇ ಭಾಗ, ಅಂದರೆ ಕಾಲು ಬೀಟ್, ಸುಮಾರು 156 ಮಿಲಿಸೆಕೆಂಡ್. ಏಟುಗಳನ್ನು ಲೆಕ್ಕಕ್ಕೆ ಕೂರಿಸುವ ಕ್ವಾಂಟೈಸ್ ಒತ್ತಿದ ತಕ್ಷಣ ಎಲ್ಲ ಏಟೂ ಪರದೆಯ ಮೇಲಿನ ಆ ಅಳತೆಯ ಗೆರೆಗೆ ಹೋಗಿ ಅಂಟಿಕೊಳ್ಳುತ್ತವೆ. ಆದರೆ ಹಲಗೆ ಬಾರಿಸುವವರು ಹಾಗೆ ಬಾರಿಸುವುದಿಲ್ಲ. ಬಲಗೈಯ ದಪ್ಪ ಕೋಲಿನ ಏಟು ತೂಕವಾಗಿ ಬೀಳುತ್ತದೆ, ಎಡಗೈಯ ಉದ್ದನೆ ಸಣ್ಣ ಕಡ್ಡಿ ಒಂಚೂರು ಮೊದಲೋ ಒಂಚೂರು ತಡವಾಗಿಯೋ ಬರುತ್ತದೆ. ನಾನು ಅಳೆದಾಗೆಲ್ಲ ಆ ವ್ಯತ್ಯಾಸ 10ರಿಂದ 30 ಮಿಲಿಸೆಕೆಂಡ್ ಇರುತ್ತದೆ. ಕೇಳುವುದಕ್ಕೆ ಏನೂ ಅಲ್ಲ ಅನಿಸಬಹುದು. ಆದರೆ ಕಾಲು ಎಲ್ಲಿ ಇಡಬೇಕು ಅಂತ ಕುಣಿಯುವವರಿಗೆ ಹೇಳುವುದೇ ಅದು.

ನನಗೆ ಇದು ಗೊತ್ತಾಗಿದ್ದು ಬಹಳ ತಡವಾಗಿ. ಕೆಲಸ ಶುರು ಮಾಡಿದ ಹೊಸದರಲ್ಲಿ ಒಬ್ಬ ಹಿರಿಯರ ಹಲಗೆ ರೆಕಾರ್ಡ್ ಮಾಡಿ, ಒಂದು ವಾರ ಕೂತು ನೀಟಾಗಿ ಕತ್ತರಿಸಿ, ಗೆರೆಗೆ ಕೂರಿಸಿ, ಅವರಿಗೇ ಕೇಳಿಸಿದೆ. ಪೂರ್ತಿ ಕೇಳಿದರು. ಆಮೇಲೆ, 'ಸದ್ದು ನಂದೇ ಐತಿ, ಆದ್ರ ಇದಕ್ಕ ಹೆಜ್ಜಿ ಎಲ್ಲಿ ಇಡಬೇಕಪ್ಪ?' ಅಂದರು. ಅವತ್ತು ಮನೆಗೆ ಹೋಗಿ ಮೂಲ ರೆಕಾರ್ಡಿಂಗ್ ಮತ್ತೆ ಹಾಕಿ, ಒಂದೊಂದು ಏಟು ಗೆರೆಯಿಂದ ಎಷ್ಟು ದೂರ ಬಿದ್ದಿದೆ ಅಂತ ಬರೆದುಕೊಂಡೆ. ಅಲ್ಲಿಂದ ನನ್ನ ಕೆಲಸದ ರೀತಿಯೇ ಬದಲಾಯಿತು.

ಈ ಬೀಟ್ ವಿದ್ಯೆ ಬೆಳೆದ ಊರಲ್ಲೂ ಇದೇ ಕಥೆ. ಸ್ಯಾಂಪಲ್ (ರೆಕಾರ್ಡಿಂಗಿನ ತುಣುಕು) ಹಿಡಿದು ಬೆರಳಲ್ಲಿ ಬಾರಿಸುವ ಯಂತ್ರವನ್ನು ಅಕಾಯ್ ಕಂಪನಿಗಾಗಿ ರೋಜರ್ ಲಿನ್ ರೂಪಿಸಿದರು. ಎಂಪಿಸಿ 60 ಅಂತ ಅದರ ಹೆಸರು, ಬಂದಿದ್ದು 1988ರಲ್ಲಿ. ಅದರಲ್ಲಿ ಸ್ವಿಂಗ್ ಅನ್ನುವ ಒಂದು ಅಂಕಿ ಇತ್ತು. 50 ಇಟ್ಟರೆ ನೇರ ನಡೆ, 66 ಇಟ್ಟರೆ ಹೆಚ್ಚುಕಡಿಮೆ ನಮ್ಮ ತಿಶ್ರದ (ಮೂರೆಣಿಕೆಯ) ನಡೆ. ಆಮೇಲೆ ಅಮೆರಿಕದ ಡೆಟ್ರಾಯ್ಟ್ ನಗರದ, ಹಿಪ್‌ಹಾಪ್ ಬೀಟ್ ಮಾಡುವ ಜೆ ಡಿಲ್ಲಾ ಬಂದರು. ಅವರು ಅದೇ ಸಾಲಿನ ಯಂತ್ರದಲ್ಲಿ ಕ್ವಾಂಟೈಸನ್ನೇ ಆಫ್ ಮಾಡಿ ಕೈಯಿಂದ ಬಾರಿಸಿ ಹೆಸರಾದರು. 2006ರಲ್ಲಿ, ಬರೀ 32ನೇ ವಯಸ್ಸಿಗೆ ತೀರಿಕೊಂಡರು. ಅವರ ಯಂತ್ರ ಈಗ ವಾಷಿಂಗ್ಟನ್ನಿನ ಮ್ಯೂಸಿಯಮ್ಮಿನಲ್ಲಿದೆ. ಅವರು ತಮ್ಮ ಊರಿನ ನಡೆಯನ್ನು ಯಂತ್ರಕ್ಕೆ ಕಲಿಸಿದರು, ನೀವು ನಿಮ್ಮ ಊರಿನದನ್ನು ಕಲಿಸಬೇಕು, ಅಷ್ಟೇ.

ಹಾಗಾಗಿ ಮೊದಲ ಕೆಲಸ, ಕ್ಯಾಸೆಟ್ ಪಕ್ಕಕ್ಕಿಡಿ. ಜೀವಂತ ಹಲಗೆಯವರನ್ನು ಹುಡುಕಿ. ನಿಮಗೆ ಇದು ಕಷ್ಟವೇ ಅಲ್ಲ. ಕನಕದುರ್ಗಮ್ಮನ ಸಿಡಿಬಂಡಿ ಜಾತ್ರೆಯ ದಿನ ಗುಡಿಯ ಮುಂದೆ ನಿಂತರೆ ಹತ್ತು ಜನ ಸಿಗುತ್ತಾರೆ. ಆದರೆ ಅವತ್ತು ರೆಕಾರ್ಡ್ ಮಾಡಬೇಡಿ, ಜನ, ಪೀಪಿ, ಮೈಕು, ಏನೂ ಬಿಡಿಸಿ ತೆಗೆಯಲು ಆಗುವುದಿಲ್ಲ. ಅವತ್ತು ಸುಮ್ನೆ ಕೇಳಿ, ಮಾತಾಡಿಸಿ, ಫೋನ್ ನಂಬರ್ ತಗೊಳ್ಳಿ. ಇನ್ನೊಂದು ದಿನ ಬೆಳಗ್ಗೆ ಐದೂವರೆ ಆರಕ್ಕೆ, ಲಾರಿ ಓಡಾಟ ಶುರುವಾಗುವ ಮುಂಚೆ, ಅವರಿಗೆ ಅನುಕೂಲವಾದ ಜಾಗದಲ್ಲಿ ಕೂರಿ.

ರೂಮಿನಲ್ಲಿ ಮಾಡುವುದಾದರೆ ಫ್ಯಾನ್ ಆಫ್, ಫ್ರಿಜ್ ಆಫ್. ಮನೆಯಲ್ಲಿರುವ ಕೌದಿಗಳನ್ನೆಲ್ಲ ತಂದು ಗೋಡೆಗೆ, ಬಾಗಿಲಿಗೆ ಹಗ್ಗ ಕಟ್ಟಿ ನೇತುಹಾಕಿ. ಸೀರೆ ಪದರ ಹಾಕಿ ಹೊಲಿದ ಹಳೆ ಕೌದಿ ದಪ್ಪಗಿರುತ್ತದೆ, ಮೇಲಿನ ಚುರುಕು ಸದ್ದನ್ನು ಚೆನ್ನಾಗಿ ನುಂಗುತ್ತದೆ. ದುಡ್ಡು ಕೊಟ್ಟು ಅಂಗಡಿಯಿಂದ ತರುವ ತೆಳ್ಳನೆ ಫೋಮಿಗಿಂತ ನನಗೆ ಇದೇ ಇಷ್ಟ. ಮೈಕ್ ಒಂದೇ ಇದ್ದರೆ ಹಲಗೆಯಿಂದ ಒಂದು ಮೀಟರ್ ದೂರ, ನೇರ ಎದುರಿಗಲ್ಲ, ಸ್ವಲ್ಪ ಓರೆಯಾಗಿ ಇಡಿ. ಫೋನ್ ಮಾತ್ರ ಇದ್ದರೂ ನಡೆಯುತ್ತದೆ, ಆದರೆ ಡಬ್ಲ್ಯುಎವಿ ಫೈಲ್ ಕೊಡುವ ರೆಕಾರ್ಡರ್ ಹಾಕಿಕೊಳ್ಳಿ, ಸದ್ದು ತಾನಾಗಿ ಏರಿಳಿಸುವ ಸೆಟ್ಟಿಂಗ್ ಆಫ್ ಮಾಡಿ. 48 ಕಿಲೋಹರ್ಟ್ಜ್, 24 ಬಿಟ್. ಮೀಟರು ಜೋರು ಏಟಿಗೂ ಮೈನಸ್ 10, 12ರ ಹತ್ತಿರ ನಿಲ್ಲಲಿ. ಹಲಗೆ ಕೆಂಪು ಮುಟ್ಟಿತು ಅಂದರೆ ಆ ಟೇಕ್ ಹೋದಂತೆಯೇ.

ಇನ್ನೊಂದು ವಿಷಯ. ಬಾರಿಸುವ ಮುಂಚೆ ಹಲಗೆ ಕಾಯಿಸುತ್ತಾರಲ್ಲ, ಹುಲ್ಲೋ ಪೇಪರೋ ಉರಿಸಿ? ಕಾದ ಚರ್ಮ ಬಿಗಿಯಾಗಿ ಸ್ವರ ಮೇಲೇರುತ್ತದೆ, ಆರುತ್ತಾ ಆರುತ್ತಾ ಇಳಿಯುತ್ತದೆ. ಈ ಎರಡರ ನಡುವಿನ ಸದ್ದುಗಳೇ ನಿಮ್ಮ ಬಂಡವಾಳ. ಕಾಯಿಸಿದ ತಕ್ಷಣ ಒಂದು ಸುತ್ತು, ಹತ್ತು ನಿಮಿಷಕ್ಕೆ ಇನ್ನೊಂದು, ಪೂರ್ತಿ ಆರಿದ ಮೇಲೆ ಮತ್ತೊಂದು ರೆಕಾರ್ಡ್ ಮಾಡಿ. ಪ್ರತಿ ಸುತ್ತಿನಲ್ಲೂ ನಡುವಿನ ಏಟು, ಅಂಚಿನ ಏಟು, ಕಡ್ಡಿಯ ಏಟು ಬೇರೆ ಬೇರೆ, ಮೆಲ್ಲಗಿನಿಂದ ಜೋರಿನವರೆಗೆ ಹದಿನಾರು ಸಲ. ಆಮೇಲೆ ಅವರಿಗೆ ಇಷ್ಟ ಬಂದ ಹಾಗೆ ಐದು ನಿಮಿಷ ಬಿಡದೆ ಬಾರಿಸಲು ಹೇಳಿ, ಮಧ್ಯೆ ಬಾಯಿ ಹಾಕಬೇಡಿ. ಬಿಡಿ ಏಟುಗಳು ನಿಮ್ಮ ಸದ್ದು, ಆ ಐದು ನಿಮಿಷ ನಿಮ್ಮ ನಡೆ. ಆ ಐದು ನಿಮಿಷದಿಂದ ಎರಡು ಆವರ್ತ ಆರಿಸಿ, ಏಟಿನ ಜಾಗಗಳನ್ನು ಗ್ರೂವ್ (ನಡೆಯ ಅಚ್ಚು) ಆಗಿ ತೆಗೆದಿಟ್ಟುಕೊಳ್ಳಿ. ಎಫ್‌ಎಲ್ ಸ್ಟುಡಿಯೋ, ಏಬಲ್‌ಟನ್, ರೀಪರ್ ಯಾವ ಸಾಫ್ಟ್‌ವೇರ್‌ನಲ್ಲೂ ಇದಕ್ಕೆ ದಾರಿ ಇದೆ. ನಿಮ್ಮ ಡ್ರಮ್ಮಿನ ಕಿಕ್, ಹ್ಯಾಟ್ ಎಲ್ಲವನ್ನೂ ಈ ಗ್ರೂವಿನ ಹಿಂದೆ ನಡೆಸಿ. ನೀವು ಈಗ ಮಾಡುತ್ತಿರುವುದು ಉಲ್ಟಾ, ಕಿಕ್ಕಿನ ಹಿಂದೆ ಹಲಗೆಯನ್ನು ಎಳೆಯುತ್ತಿದ್ದೀರಿ. ಮದುವೆ ಡಿಜೆ ಥರ ಕೇಳಿಸುವುದು ಇದಕ್ಕೇ.

ಬುರ್ರಕಥೆಗೆ ಬರುತ್ತೇನೆ, ಯಾಕೆಂದರೆ ನಮ್ಮ ಜಿಲ್ಲೆಯ ದೊಡ್ಡ ಆಸ್ತಿ ಅದೇ ಅಂತ ನಾನು ನಂಬಿದ್ದೇನೆ. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ ಓದು ಬರಹ ಕಲಿತವರಲ್ಲ. ಹನ್ನೆರಡು ಮಹಾಕಾವ್ಯಗಳನ್ನು ಬಾಯಲ್ಲೇ ಇಟ್ಟುಕೊಂಡಿದ್ದರು. ಅಚ್ಚಿಗೆ ಇಳಿಸಿದರೆ 7,000 ಪುಟ ದಾಟುವಷ್ಟು. 2014ರಲ್ಲಿ ತೀರಿಕೊಂಡರು. ಬುರ್ರಕಥೆಯಲ್ಲಿ ಮುಖ್ಯ ಹಾಡುಗಾರರು ಹಾಡಿಕೊಂಡು ಕಥೆ ಎಳೆಯುತ್ತಾರೆ, ಪಕ್ಕದವರು ಗುಮ್ಮಟೆ ಬಾರಿಸುತ್ತಾ 'ತಂದಾನ ತಾನ' ಅಂತ ಸೊಲ್ಲು ಕೊಡುತ್ತಾರೆ. ಎಲ್ಲರೂ ಸ್ಯಾಂಪಲ್‌ಗೆ ಕಥೆಯ ಜೋರಾದ ಸಾಲನ್ನು ಹುಡುಕುತ್ತಾರೆ. ಅದನ್ನು ಬಿಡಿ. ಕಥೆಯನ್ನು ನಾಲ್ಕು ಪದಕ್ಕೆ ಕತ್ತರಿಸಿದರೆ ಅರ್ಥ ಸಾಯುತ್ತದೆ, ಹಾಡಿದವರಿಗೂ ನೋವು. ಸೊಲ್ಲು ಹಾಗಲ್ಲ. ಅದು ಮತ್ತೆ ಮತ್ತೆ ಬರುವುದಕ್ಕೇ ಹುಟ್ಟಿದ್ದು. ಆ ಸೊಲ್ಲಿನ ಕೊನೆಯಲ್ಲಿ ಉಸಿರು ತಗೊಳ್ಳುವ ಸದ್ದು ಇರುತ್ತಲ್ಲ, ಅದನ್ನೂ ಕತ್ತರಿಸದೆ ಇಟ್ಟುಕೊಳ್ಳಿ. ಲೂಪ್ ತಿರುಗುವ ಜಾಗದಲ್ಲಿ ಅದು ಕೂತರೆ ಜೋಡಣೆ ಗೊತ್ತೇ ಆಗುವುದಿಲ್ಲ. ಗುಮ್ಮಟೆಯಲ್ಲಿ ಸ್ವರ ಜಾರುವ ಏಟುಗಳಿರುತ್ತವೆ, ಬೇಸ್ ಗಿಟಾರು ಹಾಕುವ ಬದಲು ಅದನ್ನೇ ಒಂದು ಸಪ್ತಕ ಕೆಳಗಿಳಿಸಿ ನೋಡಿ. ನಾನು ಕಂಪ್ಯೂಟರಿನಲ್ಲಿ ಮಾಡಿದ ಯಾವ ಬೇಸ್‌ಗೂ ಅಷ್ಟು ಜೀವ ಬಂದಿಲ್ಲ.

ಚೌಡಿಕೆಯನ್ನೂ ಮರೆಯಬೇಡಿ. ತಂತಿ ಎಳೆದು ಮಿಡಿಯುವ ಆ ವಾದ್ಯ ತಾಳಕ್ಕೂ ಆಗುತ್ತದೆ, ಸ್ವರಕ್ಕೂ ಆಗುತ್ತದೆ. ಇದೇ ಜಿಲ್ಲೆಯಲ್ಲಿ ಹುಟ್ಟಿದ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದ ಮೇಲೆ ಜೋಗತಿಯರ ಹಾಡನ್ನು ಜನ ಮತ್ತೆ ಕಿವಿಗೊಟ್ಟು ಕೇಳುತ್ತಿದ್ದಾರೆ. ಆದರೆ ಇಲ್ಲಿ ಒಂದು ಮಾತು. ಎಲ್ಲಮ್ಮನ ಪದ, ಮೊಹರಂನ ಅಲಾಯಿ ಹಾಡು, ರಿವಾಯತ್ ಪದ, ಇವು ಹರಕೆಯ, ದುಃಖದ ಹಾಡುಗಳು. ಮುದಗಲ್ಲಿನಲ್ಲಿ ಮೊಹರಂ ದಿನ ಆ ಪದ ಕೇಳಿದವರಿಗೆ ನಾನು ಬೇರೆ ಹೇಳಬೇಕಿಲ್ಲ. ಹಾಡಿದವರನ್ನು ಮೊದಲು ಕೇಳಿ, ಇದಕ್ಕೆ ಬೀಟ್ ಹಾಕಿದರೆ ನಡೆಯುತ್ತಾ ಅಂತ. ಬೇಡ ಅಂದರೆ ಬೇಡ. ಮೊಹರಂ ಕುಣಿತದ ಹೆಜ್ಜೆಮೇಳದ ತಾಳವನ್ನು ಕೇಳಿ ಕಲಿತು ನೀವೇ ಬಾರಿಸಬಹುದು, ಹಾಡನ್ನು ಮುಟ್ಟಬೇಕಿಲ್ಲ.

ತಾಳದ ಬಗ್ಗೆ. ನಿಮ್ಮ ಎರಡೂ ಟ್ರ್ಯಾಕ್ ನಾಲ್ಕರ ಲೆಕ್ಕದಲ್ಲಿವೆ. ಒಂದು ಸಲ ಏಳಕ್ಕೆ ಹೋಗಿ ನೋಡಿ. ದಾಸರ ಪದಗಳಲ್ಲಿ ಮಿಶ್ರಚಾಪು ಬೇಕಾದಷ್ಟಿದೆ, ಪಕ್ಕದ ರಾಯಚೂರು ಜಿಲ್ಲೆಯ ಮಾನ್ವಿ ಜಗನ್ನಾಥದಾಸರ ಊರು, ಅಲ್ಲಿಯ ಭಜನೆಗೆ ಹೋಗಿ ಕೂತರೆ ತಾಳದಲ್ಲೇ ಕಿವಿ ಪಳಗುತ್ತದೆ. 'ತಕಿಟ ತಕದಿಮಿ', ಮೂರು ನಾಲ್ಕು ಏಳು. ಬೀಟಿಗೆ ಹೊಂದಿಸುವ ಸುಲಭ ದಾರಿ ಹೇಳುತ್ತೇನೆ: ಕಿಕ್ಕು ಸ್ನೇರು ನಾಲ್ಕರಲ್ಲೇ ಇರಲಿ, ಮೇಲಿನ ಸ್ಯಾಂಪಲ್ ಏಳರಲ್ಲಿ ತಿರುಗಲಿ. 28 ಎಣಿಕೆಗೆ ಎರಡೂ ಒಂದೇ ಜಾಗಕ್ಕೆ ಬಂದು ಸೇರುತ್ತವೆ, ಕೆಳಗೆ ಏಳು ಬಾರ್ (ನಾಲ್ಕರ ಸುತ್ತು), ಮೇಲೆ ನಾಲ್ಕು ಆವರ್ತ. ಸೇರುವ ಆ ಒಂದು ಏಟಿಗೆ ಕೇಳುಗರು ಗೊತ್ತಿಲ್ಲದೆಯೇ ಕಾಯುತ್ತಿರುತ್ತಾರೆ.

ನಾಟಕದ ಹಾಡು ನಿಮ್ಮ ಟ್ರ್ಯಾಕಿನಲ್ಲಿ ಕೀರಲಾಗಿ ಕೇಳಿಸುತ್ತದೆ ಅಂತ ಬರೆದಿದ್ದೀರಿ. ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿಗೂ ಕೇಳಿಸಬೇಕಿತ್ತು, ಅದಕ್ಕೇ ಕಂಪನಿ ನಾಟಕದವರು ಹಾರ್ಮೋನಿಯಂನ ಕಪ್ಪು ನಾಲ್ಕು, ಕಪ್ಪು ಐದನೇ ಮನೆಯ ಶ್ರುತಿಯಲ್ಲಿ ಎತ್ತಿ ಹಾಡುತ್ತಿದ್ದರು. ಇದು ನಾಟಕದ ಊರು, ಬಳ್ಳಾರಿ ರಾಘವರ ಊರು. 2020ರಲ್ಲಿ ತೀರಿಕೊಂಡ ಸುಭದ್ರಮ್ಮ ಮನ್ಸೂರರ ರಂಗಗೀತೆಯ ದನಿ ನೆನಪಿಸಿಕೊಳ್ಳಿ, ಎಷ್ಟು ಮೇಲೆ ಹೋದರೂ ತುಂಬಿಕೊಂಡೇ ಇರುತ್ತಿತ್ತು. ಆ ಎತ್ತರವನ್ನು ತಗ್ಗಿಸಬೇಡಿ. ನಿಮ್ಮ ಕೀಬೋರ್ಡಿನ ಕಾರ್ಡ್‌ಗಳು ಅದೇ ಜಾಗದಲ್ಲಿ ಕಿತ್ತಾಡುತ್ತಿವೆ, ತೊಂದರೆ ಅಲ್ಲಿದೆ. ಅವನ್ನು ತೆಗೆದುಹಾಕಿ, ಬರೀ ಶ್ರುತಿ ಹಿಡಿದು ಬಿಡಿ. ಹಳೇ ಹಾರ್ಮೋನಿಯಂ ಈಗಿನ 440 ಹರ್ಟ್ಜ್ ಶ್ರುತಿಯ ಲೆಕ್ಕಕ್ಕೆ ಸರಿಯಾಗಿ ಕೂರದೆ ಇರಬಹುದು, ಆಗ ಹಾಡನ್ನು ಎಳೆದಾಡಬೇಡಿ, ನಿಮ್ಮ ಸಿಂಥ್ ಅನ್ನು ಹತ್ತಿಪ್ಪತ್ತು ಸೆಂಟ್ (ಒಂದು ಮನೆಯ ನೂರನೇ ಭಾಗ ಒಂದು ಸೆಂಟ್) ಸರಿಸಿ. ಟೇಪಿನ ವೇಗವೇ ಬದಲಿಸುವುದಾದರೆ ಒಂದು ಲೆಕ್ಕ ನೆನಪಿರಲಿ: ಸುಮಾರು ಶೇಕಡ 6ರಷ್ಟು ವೇಗ ಬದಲಾದರೆ ಸ್ವರ ಹಾರ್ಮೋನಿಯಂನಲ್ಲಿ ಒಂದು ಮನೆ ಸರಿಯುತ್ತದೆ.

ಈಗ ಅಜ್ಜಿಯ ಕ್ಯಾಸೆಟ್. ಬಳಸುತ್ತೀರೋ ಇಲ್ಲವೋ, ಕಾಪಿ ಮಾತ್ರ ಈ ವಾರವೇ ಮಾಡಿ. ನಮ್ಮ ಬೇಸಿಗೆಗೆ ಟೇಪು ತಡೆಯುವುದಿಲ್ಲ. ಮೊದಲು ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಒಂದು ಸಲ ಓಡಿಸಿ, ಅಂಟಿದ ಸುರುಳಿ ಬಿಡುತ್ತದೆ. ಪ್ಲೇಯರಿನ ಹೆಡ್ ಅನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ. ಹೆಡ್ಡಿನ ಪಕ್ಕ ಒಂದು ಸಣ್ಣ ಸ್ಕ್ರೂ ಇರುತ್ತದೆ. ಹಾಡು ಓಡುತ್ತಿರುವಾಗ ಅದನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದರೆ ಒಂದು ಜಾಗದಲ್ಲಿ 'ಸ', 'ಚ' ಅಕ್ಷರಗಳು ಥಟ್ಟನೆ ಸ್ಪಷ್ಟವಾಗುತ್ತವೆ, ಅಲ್ಲಿ ನಿಲ್ಲಿಸಿ. ಮೊದಲ ಕಾಪಿಗೆ ಗದ್ದಲ ತೆಗೆಯುವ ಯಾವ ಫಿಲ್ಟರೂ ಬೇಡ. ಆಮೇಲೆ ಬೇರೆ ಕಾಪಿಯಲ್ಲಿ ಕರೆಂಟಿನ 50 ಹರ್ಟ್ಜ್ ಗುಂಯ್ ಸದ್ದು, ಅದರ 100, 150 ಇವನ್ನು ಸಣ್ಣಗೆ ಇಳಿಸಿ. ಸುರ್ರ್ ಅನ್ನುವ ಟೇಪಿನ ಸದ್ದು ಸ್ವಲ್ಪ ಇರಲಿ ಬಿಡಿ.

ಕೇಸಿನ ವಿಷಯ. 'ಏಳೆಂಟು ಸೆಕೆಂಡ್ ಬಳಸಿದರೆ ಪರವಾಗಿಲ್ಲ' ಅನ್ನುವುದು ಸುಳ್ಳು, ನಮ್ಮ ಕಾನೂನಿನಲ್ಲಿ ಅಂಥ ಸೆಕೆಂಡಿನ ಲೆಕ್ಕವೇ ಇಲ್ಲ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಒಂದು ರೆಕಾರ್ಡಿಂಗಿನ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಕ್ಯಾಸೆಟ್ ಕಂಪನಿ ಮಾರಿದ ನಾಟಕದ ಹಾಡುಗಳು ಬಹುತೇಕ ಆ 60 ವರ್ಷದೊಳಗಿನವು, ಹಾಗಾಗಿ ಕಂಪನಿಯ ಒಪ್ಪಿಗೆ ಬೇಕೇ ಬೇಕು. ಸಾಹಿತ್ಯ, ಸಂಗೀತದ ಹಕ್ಕು ಬೇರೆ, ಅದು ಬರೆದವರು ತೀರಿಕೊಂಡ ಮೇಲೂ 60 ವರ್ಷ. ಹಾಡಿದವರದ್ದು ಮತ್ತೆ ಬೇರೆ, 50 ವರ್ಷ. ಅಜ್ಜಿಯ ಮನೆಯಲ್ಲೇ ಯಾರೋ ಹಾಡಿದ್ದನ್ನು ಟೇಪ್ ಮಾಡಿದ್ದರೆ ಆ ಮನೆಯವರನ್ನು ಹುಡುಕಿ ಕೇಳಿ. ಹಳೇ ಪದ ಯಾರಪ್ಪನ ಸೊತ್ತೂ ಅಲ್ಲ ಅನ್ನುವುದು ಪದಕ್ಕೆ ನಿಜ, ಹಾಡಿದ ಕಂಠಕ್ಕೆ ಅಲ್ಲ.

ಇದನ್ನು ನಾನು ಕಾನೂನಿಗೆ ಹೆದರಿ ಹೇಳುತ್ತಿಲ್ಲ. ಅಮೆರಿಕದ ದಿ ವಿನ್‌ಸ್ಟನ್ಸ್ ತಂಡದ ಗ್ರೆಗರಿ ಕೋಲ್‌ಮನ್ 1969ರಲ್ಲಿ ಒಂದು ಹಾಡಿಗೆ ಕೆಲವೇ ಸೆಕೆಂಡಿನ ಡ್ರಮ್ ಬಾರಿಸಿದರು. ಆ ತುಣುಕು ಆಮೇಲೆ ಸಾವಿರಾರು ಹಾಡುಗಳಿಗೆ ಹೋಯಿತು. ಅವರಿಗೆ ರಾಯಲ್ಟಿ ಅಂತ ಒಂದು ಪೈಸೆಯೂ ಬರಲಿಲ್ಲ. ನಮ್ಮ ಹಲಗೆಯವರಿಗೆ ನಮ್ಮ ಕೈಯಿಂದ ಹಾಗಾಗಬಾರದು. ಒಂದು ಪುಟದ ಕಾಗದ ಸಾಕು, ಕನ್ನಡದಲ್ಲಿ, ಅವರ ಭಾಷೆ ತೆಲುಗೋ ಉರ್ದುವೋ ಆದರೆ ಅದರಲ್ಲೇ ಓದಿ ಹೇಳಿ: ಯಾವ ದಿನ ಏನು ರೆಕಾರ್ಡ್ ಆಯಿತು, ಎಲ್ಲಿ ಬಳಸುತ್ತೀರಿ, ಇವತ್ತು ಎಷ್ಟು ಕೊಟ್ಟಿರಿ, ಮುಂದೆ ದುಡ್ಡು ಬಂದರೆ ಎಷ್ಟು ಪಾಲು, ಹೆಸರು ಹೇಗೆ ಹಾಕಬೇಕು. ಓದು ಬರದವರಾದರೆ ಅವರ ಒಪ್ಪಿಗೆಯ ಮಾತನ್ನೂ ರೆಕಾರ್ಡ್ ಮಾಡಿಡಿ. ಅವತ್ತಿನ ಕೂಲಿ ಮಾತ್ರ ಸಂಜೆಯೊಳಗೆ ಕೈಗೆ ಕೊಡಿ, ಟ್ರ್ಯಾಕ್ ಹೊರಗೆ ಬಂದ ಮೇಲೆ ಅನ್ನಬೇಡಿ.

ಹಂಪಿಯ ಕಂಬಗಳನ್ನು ಸ್ಯಾಂಪಲ್ ಮಾಡಬಹುದಾ ಅಂತ ಈಗಾಗಲೇ ಮೂರ್ನಾಲ್ಕು ಜನ ಕೇಳಿದ್ದಾರೆ, ನಿಮಗೂ ಬಂದೀತು ಆ ಯೋಚನೆ. ವಿಠ್ಠಲ ಗುಡಿಯ ಕಂಬ ಬಡಿಯುವಂತಿಲ್ಲ, ಬಡಿದು ಬಡಿದೇ ಸವೆದಿವೆ. ಅದಕ್ಕಿಂತ ಹಳೆಯದು ನಿಮ್ಮ ಮನೆಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದೆ ಗೊತ್ತಾ? ಸಂಗನಕಲ್ಲಿನ ಹತ್ತಿರ ಹಿರೇಗುಡ್ಡದಲ್ಲಿ ಬಡಿದರೆ ಗಂಟೆಯಂತೆ ನುಡಿಯುವ ಕಪ್ಪು ಬಂಡೆಗಳಿವೆ. ನವಶಿಲಾಯುಗದ ಜನ ಸಾವಿರಾರು ವರ್ಷ ಹಿಂದೆ ಅವನ್ನು ಬಾರಿಸಿದ ಗುಳಿಗಳು ಈಗಲೂ ಕಾಣುತ್ತವೆ, ಸುತ್ತ ಎತ್ತು, ಮನುಷ್ಯರ ಗೀರುಚಿತ್ರಗಳು. ಆ ಬಂಡೆಗಳನ್ನೂ ಬಡಿಯಬೇಡಿ, ಆ ಗುಳಿಗಳೇ ನಮಗೆ ಉಳಿದಿರುವ ಸಾಕ್ಷಿ. ಹೋಗಿ ನೋಡಿ, ಆಮೇಲೆ ಊರಲ್ಲಿರುವ ಸಂಗನಕಲ್ಲು ಮ್ಯೂಸಿಯಂ ನೋಡಿ. ಕಲ್ಲಿನ ಸದ್ದು ಬೇಕಿದ್ದರೆ ಮನೆಯಲ್ಲಿ ಬೀಸುಕಲ್ಲು, ರುಬ್ಬುಗುಂಡು ಇರುತ್ತವಲ್ಲ. ಬೀಸುಕಲ್ಲು ತಿರುಗುವ ಗುರ್ರ್ ಸದ್ದು ಶೇಕರ್ ಜಾಗಕ್ಕೆ ಎಷ್ಟು ಚೆನ್ನಾಗಿ ಕೂರುತ್ತದೆ ಅಂತ ನೀವೇ ನೋಡಿ.

ನಿಮ್ಮ ಮನೆಯ ಯೂನಿಟ್ಟನ್ನು ನೀವು ಒಂದೂ ಟ್ರ್ಯಾಕಿನಲ್ಲಿ ಬಳಸಿಲ್ಲ, ಅದು ನನಗೆ ಬೇಜಾರು. ಇವತ್ತಿನ ಬಳ್ಳಾರಿಯ ಸದ್ದು ಅಂದರೆ ಅದೇ ಅಲ್ವಾ? ಮಷಿನ್ ನಿಮಿಷಕ್ಕೆ 4,000 ಹೊಲಿಗೆ ಓಡಿದರೆ ಸೆಕೆಂಡಿಗೆ ಸುಮಾರು 67. ಹಾರ್ಮೋನಿಯಂನ ಬಿಳಿ ಒಂದನ್ನು ಎರಡು ಸಪ್ತಕ ಕೆಳಗಿಳಿಸಿದರೆ 65.4 ಹರ್ಟ್ಜ್. ಅಂದರೆ ನಿಮ್ಮ ಮಷಿನ್ ಆಗಲೇ ಶ್ರುತಿಯ ಹತ್ತಿರ ಹಾಡುತ್ತಿದೆ. ಸ್ವಲ್ಪ ತಗ್ಗಿಸಿದರೆ ತಂಬೂರಿಯ ಬದಲಿಗೆ ಅದನ್ನೇ ಇಡಬಹುದು. ಪೆಡಲ್ ಒತ್ತಿದಾಗ ಏರಿ, ಬಿಟ್ಟಾಗ ಇಳಿಯುವ ಸದ್ದನ್ನು ಹಾಗೇ ಹಿಡಿಯಿರಿ. ದಪ್ಪ ಜೀನ್ಸ್ ಹೊಲಿಗೆಯ ಮೇಲೆ ಸೂಜಿ ತಡೆದು ಮುಂದಕ್ಕೆ ಹೋಗುವಾಗ ಬರುವ ಆ ಟಕ್ ಟಕ್ ಹಲಗೆಯ ಕಡ್ಡಿ ಏಟಿನ ಜೊತೆ ಕೂರಿಸಿ.

ಮಿಕ್ಸಿಂಗ್ ಬಗ್ಗೆ ಒಂದೇ ಮಾತು. ನಿಮ್ಮ ಕೇಳುಗರಲ್ಲಿ ಜಾಸ್ತಿ ಜನ ಫೋನಿನ ಸ್ಪೀಕರಿನಲ್ಲಿ ಕೇಳುತ್ತಾರೆ, ಅದರಲ್ಲಿ ಕೆಳಗಿನ ಗುಡುಗು ಬರುವುದೇ ಇಲ್ಲ. ಗುಮ್ಮಟೆಯ ಬೇಸ್‌ಗೆ ಸ್ವಲ್ಪ ಸ್ಯಾಚುರೇಶನ್ ಹಾಕಿ ಮೇಲಿನ ಸ್ವರ ಎಬ್ಬಿಸಿ, ಆಗ ಫೋನಿನಲ್ಲೂ ಕಿವಿಗೆ ಸಿಗುತ್ತದೆ. ಮುಗಿದ ಮೇಲೆ ಮೊದಲು ಕೇಳಿಸಬೇಕಾದ್ದು ಹಲಗೆ ಬಾರಿಸಿದವರಿಗೆ, ಅವರ ಫೋನಿನಲ್ಲೇ. ಕೇಳುವಾಗ ಅವರ ಮುಖ ನೋಡಬೇಡಿ, ಕಾಲು ನೋಡಿ. ಹೆಜ್ಜೆ ಬೀಳಲಿಲ್ಲ ಅಂದರೆ ಗ್ರೂವ್ ಮತ್ತೆ ತೆರೆದು ಎಡಗೈ ಏಟುಗಳನ್ನು ಐದೈದು ಮಿಲಿಸೆಕೆಂಡ್ ಸರಿಸಿ, ಮತ್ತೆ ಕೇಳಿಸಿ.